ಓದುಗರ ಪ್ರಶ್ನೆ: ಮೊದಲ ವರ್ಷದ ಕಲಿಕಾ ಸಮುದಾಯಕ್ಕೆ ಸೇರಬೇಕೆ?

ಪ್ರಶ್ನೆ: ನನ್ನ ಮಗಳು ಈ ವರ್ಷ ಕಾಲೇಜಿಗೆ ಸೇರುತ್ತಿದ್ದಾಳೆ. ಮೊದಲ ವರ್ಷದವರಿಗಾಗಿ ‘ಕಲಿಕಾ ಸಮುದಾಯ’ ಎಂಬ ವ್ಯವಸ್ಥೆಯಿದ್ದು, ಇಷ್ಟವಿದ್ದವರು ಅದಕ್ಕೆ ಸೇರಬಹುದೆಂದು ಕಾಲೇಜಿನವರು ತಿಳಿಸಿದ್ದಾರೆ. ಓದಿನಲ್ಲಿ ಹಿಂದುಳಿದವರಿಗೆ ಮಾತ್ರ ಇದು ಎಂಬ ಅನುಮಾನ ಅವಳಿಗೆ. ಸದಾ ಒಂದೇ ಗುಂಪಿನಲ್ಲಿದ್ದರೆ ಬೇರೆಯವರ ಪರಿಚಯವೇ ಆಗದೆಂಬ ಚಿಂತೆ ನನಗೆ. ಸೇರಿಸಬಹುದೆ?
– ಒಬ್ಬ ತಾಯಿ

ಉತ್ತರ: ಸೇರಿಸಬಹುದು. ಆದರೆ ಅದಕ್ಕೆ ಮೊದಲು ಕಾಲೇಜಿನವರನ್ನು ಒಂದು ವಿಷಯ ವಿಚಾರಿಸಿ: ಆ ತಂಡಕ್ಕೆ ಬೇರೆ ಬೇರೆ ವಿಷಯ ಬೋಧಿಸುವ ಅಧ್ಯಾಪಕರು ಒಟ್ಟಿಗೆ ಕುಳಿತು ಪಾಠದ ಯೋಜನೆ ಹಾಕಿಕೊಳ್ಳುತ್ತಾರೆಯೆ?

ಕಲಿಕಾ ಸಮುದಾಯವೆಂದರೆ ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಮಂದಿ ಹೊಸ ವಿದ್ಯಾರ್ಥಿಗಳು ಎರಡು ಮೂರು ವಿಷಯಗಳನ್ನು ಒಂದೇ ತಂಡವಾಗಿ ಓದುವ ಏರ್ಪಾಡು. ಆ ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿರಬೇಕು: ಮನಶ್ಶಾಸ್ತ್ರದ ತರಗತಿಯಲ್ಲಿ ನೆನಪಿನ ಕುರಿತು ಕಲಿತದ್ದನ್ನೇ ಭಾಷೆಯ ತರಗತಿಯಲ್ಲಿ ಪ್ರಬಂಧವಾಗಿ ಬರೆಯುವಂತಿರಬೇಕು. ಹೆಣಿಗೆಯಿಲ್ಲದೆ ಬರೀ ವೇಳಾಪಟ್ಟಿಯೊಂದನ್ನು ಹಂಚಿಕೊಂಡರೆ ಅದು ಸಮುದಾಯವಲ್ಲ, ಮತ್ತೊಂದು ಸೆಕ್ಷನ್ ಅಷ್ಟೆ. ಇದರ ಬೇರು ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ 1927ರಲ್ಲಿ ಆರಂಭಿಸಿದ ಪ್ರಾಯೋಗಿಕ ಕಾಲೇಜು 1932ರಲ್ಲಿ ಮುಚ್ಚಿಹೋದರೂ, ವಿಷಯಗಳನ್ನು ಬಿಡಿಬಿಡಿಯಾಗಿ ಕಲಿಸಬಾರದೆಂಬ ಅದರ ಆಲೋಚನೆ ಉಳಿದುಕೊಂಡಿತು.

ಇದು ಹಿಂದುಳಿದವರಿಗಷ್ಟೇ ಎಂಬ ಅನುಮಾನವನ್ನು ನಿಮ್ಮ ಮಗಳು ಬಿಡುವುದು ಒಳ್ಳೆಯದು. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು, ಕಲನಶಾಸ್ತ್ರದಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳಲ್ಲಿ ಅನೇಕರು ಏಕೆ ಸೋಲುತ್ತಾರೆಂದು ಹುಡುಕಹೊರಟರು. ಪೂರ್ವಸಿದ್ಧತೆ ಸಾಲದು, ಆಸಕ್ತಿಯಿಲ್ಲ, ಮನೆಯವರ ಒತ್ತಾಸೆಯಿಲ್ಲ ಎಂಬ ಅಧ್ಯಾಪಕರ ಊಹೆಗಳಾವುವೂ ನಿಲ್ಲಲಿಲ್ಲ. ಆ ವಿದ್ಯಾರ್ಥಿಗಳು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಂಟಿಯಾಗಿ; ಚೆನ್ನಾಗಿ ತೇರ್ಗಡೆಯಾಗುತ್ತಿದ್ದ ಚೀನೀ ಮೂಲದ ಸಹಪಾಠಿಗಳಾದರೋ ಒಬ್ಬರ ಲೆಕ್ಕವನ್ನು ಮತ್ತೊಬ್ಬರು ತಿದ್ದುತ್ತ, ತಾವು ಎಲ್ಲಿ ಎಡವುತ್ತಿದ್ದೇವೆಂಬುದನ್ನು ಪರೀಕ್ಷೆಗೆ ಮೊದಲೇ ಅರಿತುಕೊಳ್ಳುತ್ತಿದ್ದರು. ಟ್ರೈಸ್‌ಮನ್ ಮಾಡಿದ ಏರ್ಪಾಡು ದಡ್ಡರಿಗೆ ನಡೆಸುವ ವಿಶೇಷ ತರಗತಿಯಂತಿರಲಿಲ್ಲ. ಕಠಿಣವಾದ ಲೆಕ್ಕಗಳನ್ನು ಕೊಟ್ಟು ಗುಂಪಾಗಿ ಬಿಡಿಸಲು ಹಚ್ಚುವ ಕಮ್ಮಟವಾಗಿತ್ತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ: ಹೊಸಬರಿಗೆ ಕೊರತೆಯಾಗುವುದು ಅನೇಕ ಸಲ ಬುದ್ಧಿಯಲ್ಲ, ತನ್ನ ತಪ್ಪನ್ನು ಸಂಕೋಚವಿಲ್ಲದೆ ತೋರಿಸಿಕೊಳ್ಳಬಹುದಾದ ಜೊತೆ.

ಹಾಗೆಂದು ಪವಾಡವನ್ನು ನಿರೀಕ್ಷಿಸಬೇಡಿ. ನ್ಯೂಯಾರ್ಕಿನಲ್ಲಿ ಎರಡು ವರ್ಷದ ಪದವಿ ನೀಡುವ ಕಿಂಗ್ಸ್‌ಬರೋ ಸಮುದಾಯ ಕಾಲೇಜಿನಲ್ಲಿ (ಕಮ್ಯುನಿಟಿ ಕಾಲೇಜು) ಸಾವಿರದ ಐನೂರಕ್ಕೂ ಹೆಚ್ಚು ಹೊಸ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಮೊದಲ ಅವಧಿಯಲ್ಲಿ ಹೆಣೆದ ಮೂರು ವಿಷಯಗಳನ್ನೂ ಹೆಚ್ಚಿನ ಬೋಧನಾ ನೆರವನ್ನೂ ಒದಗಿಸಲಾಯಿತು. ಆ ಅವಧಿಯಲ್ಲಿ ಅವರು ಹೆಚ್ಚು ವಿಷಯಗಳಲ್ಲಿ ತೇರ್ಗಡೆಯಾದರು. ಆರು ವರ್ಷಗಳ ಬಳಿಕ ಪದವಿ ಪಡೆದವರು ಅವರಲ್ಲಿ ನೂರಕ್ಕೆ ಸುಮಾರು 36 ಮಂದಿ, ಉಳಿದವರಲ್ಲಿ ಸುಮಾರು 31 ಮಂದಿ. ಒಂದೇ ಅವಧಿಯ ಏರ್ಪಾಡಿಗೆ ಇದು ಕಡಿಮೆಯ ಫಲವಲ್ಲವೆಂದು ನಾನು ಭಾವಿಸುತ್ತೇನೆ, ಆದರೆ ಬೆಂಬಲ ಅಲ್ಲಿಗೇ ನಿಂತರೆ ಫಲವೂ ಅಷ್ಟಕ್ಕೇ ನಿಲ್ಲುತ್ತದೆ.

ನಿಮ್ಮ ಚಿಂತೆ ಮಾತ್ರ ನಿರಾಧಾರವಲ್ಲ. ದಿನವಿಡೀ ಅದೇ ಮುಖಗಳನ್ನು ನೋಡುವ ತಂಡವು ಕೆಲವೊಮ್ಮೆ ಶಾಲೆಯ ಕೊನೆಯ ಬೆಂಚಿನ ಕೂಟದಂತಾಗಿ, ಅಧ್ಯಾಪಕರ ವಿರುದ್ಧ ಒಗ್ಗಟ್ಟಾಗುವುದೂ ಕೆಲಸ ಮಾಡದಿರಲು ಪರಸ್ಪರ ನೆವ ಒದಗಿಸುವುದೂ ಉಂಟು. ಒಂದೆರಡು ವಿಷಯಗಳನ್ನಾದರೂ ನಿಮ್ಮ ಮಗಳು ತಂಡದ ಹೊರಗೆ ಓದುವಂತಿದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ: ನಾನು ಕಾಲೇಜು ಅಧ್ಯಾಪಕಿ. ನಮ್ಮಲ್ಲಿ ಇದಕ್ಕೆಂದು ಪ್ರತ್ಯೇಕ ಹಣವಿಲ್ಲ. ಸಣ್ಣದಾಗಿ ಆರಂಭಿಸಲು ಸಾಧ್ಯವೆ?
– ಒಬ್ಬ ಓದುಗರು

ಉತ್ತರ: ಸಾಧ್ಯ. ಒಂದೇ ತಂಡಕ್ಕೆ ಪಾಠ ಮಾಡುವ ಮತ್ತೊಬ್ಬ ಅಧ್ಯಾಪಕರನ್ನು ಜೊತೆಗೂಡಿಸಿಕೊಂಡು, ಎರಡೂ ವಿಷಯಗಳಿಗೆ ಲೆಕ್ಕವಾಗುವ ಒಂದೇ ಒಂದು ಬರಹದ ಕೆಲಸವನ್ನು ಕೊಡಿ. ವಾರಕ್ಕೊಮ್ಮೆ ನೀವಿಬ್ಬರೂ ಅರ್ಧ ಗಂಟೆ ಕುಳಿತು, ಯಾರು ತರಗತಿಗೆ ಬರುತ್ತಿಲ್ಲ, ಯಾರು ಮೌನವಾಗಿದ್ದಾರೆ ಎಂಬುದನ್ನು ಮಾತನಾಡಿಕೊಳ್ಳಿ. ಗೈರುಹಾಜರಿಯನ್ನು ಒಬ್ಬ ಅಧ್ಯಾಪಕರು ಸೋಮಾರಿತನವೆಂದು ತಿಳಿಯಬಹುದು; ಇಬ್ಬರ ತರಗತಿಯಲ್ಲೂ ಅದೇ ವಾರದಿಂದ ಅದೇ ಹುಡುಗ ಕಾಣುತ್ತಿಲ್ಲವೆಂದು ತಿಳಿದಾಗ ಅವನನ್ನು ಕರೆಸಿ ಮಾತನಾಡಿಸಬೇಕೆನಿಸುತ್ತದೆ. ಆ ಮಾತುಕತೆಯನ್ನು ಮೊದಲ ಪರೀಕ್ಷೆಯ ಫಲಿತಾಂಶ ಬರುವ ತನಕ ಮುಂದೂಡಬೇಡಿ.