ಅರ್ಧ ದುಡ್ಡು ರಾಜ್ಯದ್ದು, ಹಳಿ ಯಾರದ್ದು?

ಪ್ರಶ್ನೆ: ಬೆಳಗೊಳ–ಕುಶಾಲನಗರ ರೈಲು ಮಾರ್ಗಕ್ಕೆ ಜಾಗವೂ ರಾಜ್ಯ ಸರ್ಕಾರದ್ದು, ಅರ್ಧ ವೆಚ್ಚವೂ ರಾಜ್ಯದ್ದು ಎನ್ನುತ್ತಾರೆ. ಹಾಗಾದರೆ ಒಡೆತನದಲ್ಲೂ ಅರ್ಧ ಸಿಗಬೇಕಲ್ಲವೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಸಿಗುವುದಿಲ್ಲ. ವೆಚ್ಚ ಹಂಚಿಕೆಯ ಯೋಜನೆಯಲ್ಲಿ ರಾಜ್ಯ ಕೊಡುವುದು ನೆರವು, ಬಂಡವಾಳವಲ್ಲ. ಹಳಿ, ನಿಲ್ದಾಣ, ಸಿಗ್ನಲ್, ಕೆಳಗಿನ ಜಮೀನು ಎಲ್ಲವೂ ರೈಲ್ವೆ ಇಲಾಖೆಗೆ ಸೇರುತ್ತವೆ. ಟಿಕೆಟ್ ಹಣ ಅದಕ್ಕೇ, ದುರಸ್ತಿಯ ಹೊರೆಯೂ ಅದರದ್ದೇ. 2017ರಲ್ಲಿ ಉದ್ಘಾಟನೆಯಾದ 110 ಕಿ.ಮೀ. ಬೀದರ್–ಕಲಬುರಗಿ ಮಾರ್ಗಕ್ಕೂ ರಾಜ್ಯ ಹೀಗೆಯೇ ದುಡ್ಡು ಹಾಕಿದ್ದು.

ಒಡೆತನ ಬೇಕೆಂದರೆ ಕಂಪನಿ ಕಟ್ಟಿ ಷೇರು ಹಿಡಿಯಬೇಕು. 1990ರಲ್ಲಿ ಹುಟ್ಟಿದ ಕೊಂಕಣ ರೈಲ್ವೆ ನಿಗಮದ ಮೂಲ ಬಂಡವಾಳದಲ್ಲಿ ರೈಲ್ವೆ ಇಲಾಖೆಗೆ ಶೇ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6. ಉಳಿದ ದುಡ್ಡಿನ ಬಹುಪಾಲು ಬಾಂಡ್ ಮಾರಿ ಎತ್ತಿದ ಸಾಲ. ರೈಲು ಓಡಿತು, ಆದರೆ ನೆಚ್ಚಿಕೊಂಡಷ್ಟು ಸರಕು ಬರದೆ ಬಡ್ಡಿ ಬೆಳೆಯಿತು. ಷೇರು ಹಿಡಿದವರು ಆ ಭಾರವನ್ನೂ ಹೊರಬೇಕು. ಹಾಸನ–ಮಂಗಳೂರು ಮಾರ್ಗವನ್ನು ಬ್ರಾಡ್‌ಗೇಜ್‌ಗೆ ಬದಲಿಸಲು 2003ರಲ್ಲಿ ಮಾಡಿದ ಕಂಪನಿಗೆ ಪಣಂಬೂರು ಬಂದರಿನ ಸರಕಿನ ಆಸರೆಯಿತ್ತು. ಕುಶಾಲನಗರದಲ್ಲಿ ಅದಿಲ್ಲ. ಕಾಫಿ, ಮೆಣಸು ಬೆಲೆಯಲ್ಲಿ ದೊಡ್ಡವು, ತೂಕದಲ್ಲಿ ಕಲ್ಲಿದ್ದಲು ತುಂಬಿದ ರೇಕಿನ (ಗೂಡ್ಸ್ ರೈಲಿನ) ಮುಂದೆ ಏನೇನೂ ಅಲ್ಲ. ಪ್ರಯಾಣಿಕರನ್ನೇ ನಂಬಿದ ಮಾರ್ಗದಲ್ಲಿ ರಾಜ್ಯ ಷೇರಿಗೆ ಆಸೆ ಪಡದಿರುವುದೇ ಕ್ಷೇಮ ಎಂದು ನಮ್ಮ ಅಭಿಪ್ರಾಯ. ಪಟ್ಟು ಹಿಡಿಯಬೇಕಾದ್ದು ಬೇರೆ ಕಡೆ: ಅಂದಾಜು ಮೀರಿದರೆ ಹೆಚ್ಚುವರಿ ಯಾರದ್ದು ಎಂಬುದು ಒಪ್ಪಂದದಲ್ಲೇ ಬರೆದಿರಬೇಕು.

ಪ್ರಶ್ನೆ: 87 ಕಿ.ಮೀ.ಗೆ ಸುಮಾರು 1,855 ಕೋಟಿ ರೂಪಾಯಿ ಎಂದು 2019ರಲ್ಲೇ ಕೇಳಿದ್ದೆವು. ಕೊಡಗಿನಲ್ಲಿ ಹಳಿಯಡಿಯ ಒಂದು ಸ್ಲೀಪರ್ ಪಟ್ಟಿಯೂ ಇನ್ನೂ ಬಿದ್ದಿಲ್ಲವೇಕೆ?
– ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಮಂಜೂರಾದ ಮೊತ್ತ ಒಟ್ಟಿಗೆ ಕೈಗೆ ಬರುವುದಿಲ್ಲ. ವರ್ಷವರ್ಷವೂ ಬಜೆಟ್‌ನಲ್ಲಿ ಎಷ್ಟು ಇಟ್ಟರೋ ಅಷ್ಟೇ ಕೆಲಸ. ಯಾವ ಕಾಮಗಾರಿಗೆ ಎಷ್ಟು ಎಂದು ಬಜೆಟ್ ಜತೆ ಬರುವ ರೈಲ್ವೆಯ ಪಟ್ಟಿ ಪಿಂಕ್ ಬುಕ್‌ನಲ್ಲಿ ಯೋಜನೆಯ ಸಾಲು ಹುಡುಕಿ ನೋಡಿ. ಬರೀ 1,000 ರೂಪಾಯಿ ಎಂದಿದ್ದರೆ ಹೆಸರು ಬದುಕಿದೆ, ಕೆಲಸವಿಲ್ಲ ಎಂದರ್ಥ. ರಾಜ್ಯವೂ ಅದೇ ವರ್ಷ ತನ್ನ ಪಾಲು ಇಡದಿದ್ದರೆ ಕೇಂದ್ರ ಇಟ್ಟ ದುಡ್ಡೂ ಬೇರೆಡೆ ಹೋಗುತ್ತದೆ.

ಇನ್ನೊಂದು ಅಡ್ಡಿ ಜಾಗ. ಹೊಸ ಹಳಿಯ ಸಾಮಾನು ಈಗಾಗಲೇ ಹಾಕಿದ ಹಳಿಯ ಮೇಲೆಯೇ ಮುಂದಕ್ಕೆ ಬರಬೇಕು. ನಡುವೆ ಇನ್ನೂರು ಮೀಟರ್ ಕೈಗೆ ಸಿಗದಿದ್ದರೆ ಜಲ್ಲಿ ತುಂಬಿದ ರೇಕು ಅಲ್ಲೇ ನಿಲ್ಲುತ್ತದೆ, ಆಚೆ ಮಣ್ಣಿನ ಏರಿ ಸಿದ್ಧವಿದ್ದರೂ ಮಳೆಗೆ ಕೊಚ್ಚುತ್ತದೆ. ಕೊಡಗಿಗೆ ಕಾಲಿಡುವ ಮೊದಲು ಕೊಪ್ಪದ ಬಳಿ ಕಾವೇರಿಗೆ ಸೇತುವೆಯೂ ಆಗಬೇಕು.

ನಿಮ್ಮ ಸರ್ವೆ ನಂಬರ್ ಅಧಿಸೂಚನೆಯಲ್ಲಿ ಬಂದರೆ ಯಾವ ಕಾಯ್ದೆ ಎಂದು ಮೊದಲು ನೋಡಿ. ರೈಲ್ವೆ ಕಾಯ್ದೆಯಾದರೆ ಆಕ್ಷೇಪಣೆಗೆ 30 ದಿನ, 2013ರ ಭೂಸ್ವಾಧೀನ ಕಾಯ್ದೆಯಾದರೆ 60 ದಿನ. ಪಹಣಿಯಲ್ಲಿ ತೀರಿಕೊಂಡ ಹಿರಿಯರ ಹೆಸರೇ ಇದ್ದರೆ ಅಷ್ಟರೊಳಗೆ ಪೌತಿ ಖಾತೆಗೆ ಅರ್ಜಿ ಕೊಡಿ. ಜಂಟಿ ಪಟ್ಟೆಯ ಜಮೀನಾದರೆ ವಂಶವೃಕ್ಷ ಮಾಡಿಸಿ, ಯಾರಿಗೆ ಎಷ್ಟು ಎಂದು ಎಲ್ಲ ಪಾಲುದಾರರ ಸಹಿ ಹಾಕಿಸಿ. ತಕರಾರು ಉಳಿದರೆ ಪರಿಹಾರದ ಹಂಚಿಕೆ ರೈಲ್ವೆ ಕಾಯ್ದೆಯಡಿ ಸಿವಿಲ್ ನ್ಯಾಯಾಲಯಕ್ಕೆ, 2013ರ ಕಾಯ್ದೆಯಡಿ ಅದರದ್ದೇ ಪ್ರಾಧಿಕಾರಕ್ಕೆ ಹೋಗುತ್ತದೆ. ಜಮೀನು ಮಾತ್ರ ಅಷ್ಟರಲ್ಲಿ ಕೈಬಿಟ್ಟಿರುತ್ತದೆ.