ಹಾವಿಗೆ ಆಸ್ಪತ್ರೆ ಟೈಮು ಗೊತ್ತಾ?

ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ನಾಲ್ಕು ಪುಟ ತುಂಬಾ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ರಾತ್ರಿ ಕಬ್ಬಿನ ಗದ್ದೆಗೆ ನೀರು ಕಟ್ಟೋಕೆ ಹೋದ ಅವರ ತಮ್ಮನಿಗೆ ಹಾವು ಕಚ್ಚಿತು. ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಗೇಟಿಗೆ ಬೀಗ. ಕೊನೆಗೆ 108ಕ್ಕೆ ಫೋನ್ ಮಾಡಿ ಮಂಡ್ಯದ ದೊಡ್ಡಾಸ್ಪತ್ರೆಗೆ ಸೇರಿಸಿದರು. ತಮ್ಮ ಬದುಕಿಕೊಂಡ. ಅದಾಗಿ ಒಂದು ವಾರಕ್ಕೆ ಆಶಾ ಕಾರ್ಯಕರ್ತೆ ಮನೆಗೆ ಬಂದು, ನೀರಿನ ಡ್ರಮ್ಮಿಗೆ ಟಾರ್ಚ್ ಬಿಟ್ಟು ನೋಡಿ, ಏನೋ ಬರೆದುಕೊಂಡು ಹೊರಟರಂತೆ. "ಹಗಲು ಹೊತ್ತಲ್ಲೇ ಕಚ್ಚಪ್ಪಾ ಅಂತ ಹಾವಿಗೆ ಹೇಳಬೇಕಾಗಿತ್ತಾ? ಔಷಧಿ ಕೊಡೋಕೆ ಆಗದ ಇಲಾಖೆಗೆ ನಮ್ಮನೆ ಡ್ರಮ್ಮಿನ ಲೆಕ್ಕ ಯಾಕೆ ಬೇಕು ಸ್ವಾಮಿ?" ಇದು ಅವರ ಪ್ರಶ್ನೆ.

ಸ್ವಾಮಿ, ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲು ಅದನ್ನು ಹೇಳಿಬಿಡುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿ, ಲೆಕ್ಕದ ಪ್ರಕಾರ ಸುಮಾರು 30,000 ಜನಕ್ಕೆ ಒಂದು. ಎಲ್ಲವೂ 24 ಗಂಟೆ ತೆರೆದಿರುವುದಿಲ್ಲ, ಕೆಲವು ಮಾತ್ರ. ತೆರೆದಿರುವುದು ಯಾವುದು ಅನ್ನೋದನ್ನು ಬೀಗ ಹಾಕಿದ ಗೇಟಿನ ಮೇಲೆ ನಾಲ್ಕು ಸಾಲು ಬರೆದು ನೇತುಹಾಕೋಕೆ ಏನು ಕಷ್ಟ? ಬರೆದಿರಲಿಲ್ಲ ಅಂತ ನಿಮ್ಮ ಪತ್ರದಲ್ಲಿದೆ. ಅದು ತಪ್ಪೇ. ಅದಕ್ಕೆ ನಾನು ವಕಾಲತ್ತು ಮಾಡುವುದಿಲ್ಲ.

ಆದರೆ ಲೆಕ್ಕ ಯಾಕೆ ಬೇಕು ಅಂದಿರಲ್ಲ, ಅಲ್ಲಿ ನನ್ನದು ಸ್ವಲ್ಪ ತಕರಾರಿದೆ. ಬೀಗ ಬಿದ್ದ ಆ ಕೇಂದ್ರದೊಳಗೆ ಹಾವಿನ ಔಷಧಿ ಇರಬೇಕು ಅಂದರೂ ಬೇಕಾದದ್ದು ಅದೇ ಲೆಕ್ಕ.

ಕೆಲವು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗನಿಗೂ ಹೀಗೇ ಆಗಿತ್ತು. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲೇ ಇದ್ದೆ. ನರ್ಸಮ್ಮ ಒಂದು ಸಣ್ಣ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ತೆಗೆದು ಗೋಡೆ ಪಕ್ಕ ನೆಟ್ಟಗೆ ನಿಲ್ಲಿಸಿದರು. "ಯಾರೂ ಮುಟ್ಟಬೇಡಿ, ಅಲ್ಲಾಡಿಸಬೇಡಿ" ಅಂದರು. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲವಂತೆ, ಗಾಜೇ ಬೇಕು, ಅದೂ ಒಣಗಿರಬೇಕು. 20 ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ನಮ್ಮ ಚಿಕ್ಕಮ್ಮ ಮಾದಪ್ಪನಿಗೆ ಎಷ್ಟು ಹರಕೆ ಹೊತ್ತರೋ ದೇವರಿಗೇ ಗೊತ್ತು. ಆಮೇಲೆ ಟ್ಯೂಬನ್ನು ಮೆಲ್ಲಗೆ ಓರೆ ಮಾಡಿದರು. ಹೆಪ್ಪುಗಟ್ಟಬೇಕಾಗಿದ್ದ ರಕ್ತ ನೀರಿನ ಹಾಗೆ ಹರಿಯಿತು. ಮಂಡಲದ ಹಾವಿನ ವಿಷ ಏರಿದೆ ಅಂತ ಅರ್ಥ. ಕೂಡಲೇ ಔಷಧಿ ಶುರು ಮಾಡಿದರು.

ನಾಗರಹಾವು, ಕಟ್ಟುಹಾವು, ಮಂಡಲದ ಹಾವಿನಲ್ಲಿ ಎರಡು ಜಾತಿ. ಈ ನಾಲ್ಕಕ್ಕೂ ಔಷಧಿ ಒಂದೇ. ಆದರೆ ಒಂದು ಬಾಟಲಿಯಲ್ಲಿ ಮುಗಿಯುವುದಿಲ್ಲ, ಶುರುವಿಗೇ ಎಂಟು ಹತ್ತು ಬಾಟಲಿ ಬೇಕು. ಎರಡು ಬಾಟಲಿ ಇಟ್ಟುಕೊಂಡು ಬಾಗಿಲು ತೆರೆದಿದ್ದರೂ ನಿಮ್ಮ ತಮ್ಮನಿಗೆ ಅರ್ಧ ದಾರಿಯೂ ಸಾಗುತ್ತಿರಲಿಲ್ಲ. ಹಾಗಾದರೆ ಯಾವ ಪಿಎಚ್‌ಸಿಗೆ ಎಷ್ಟು ಬಾಟಲಿ ಕಳಿಸಬೇಕು? ಕಬ್ಬು, ಭತ್ತ ಜಾಸ್ತಿ ಇರುವ ಕಡೆಗಾ, ಪೇಟೆ ಪಕ್ಕದ್ದಕ್ಕಾ? ಯಾವ ಹಳ್ಳಿಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಜನಕ್ಕೆ ಕಚ್ಚಿದೆ ಅಂತ ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಹೇಳೋಕಾಗುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಸಾರಿದ್ದು ಇದಕ್ಕೇ. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಕೇಸು ಬಂದರೆ ವರದಿ ಮಾಡಲೇಬೇಕು. ಅದಕ್ಕೂ ಮೊದಲು ಮಂತ್ರ ಹಾಕಿಸಿಕೊಂಡು ಮನೆಯಲ್ಲೇ ಸತ್ತವರು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಲೆಕ್ಕಕ್ಕೆ ಬಾರದ ಸಾವಿಗೆ ಔಷಧಿ ಯಾರು ಕಳಿಸುತ್ತಾರೆ?

ಈಗ ನಿಮ್ಮ ಡ್ರಮ್ಮಿಗೆ ಬರೋಣ.

ಹೋದ ಮಳೆಗಾಲ ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಊರಲ್ಲಿ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಅರ್ಧ ದಿನ ಸುತ್ತಿದೆ. ಒಂದು ಮನೆಯ ಹಿತ್ತಲಲ್ಲಿ ನೀಲಿ ಡ್ರಮ್ಮು. ನೀರು ತಿಳಿಯಾಗಿತ್ತು, ನಾನಾಗಿದ್ದರೆ ಕುಡಿದುಬಿಡುತ್ತಿದ್ದೆ. ಆಕೆ ಟಾರ್ಚ್ ಬಿಟ್ಟರು. ತಲೆಕೆಳಗಾಗಿ ನೇತಾಡುತ್ತಿದ್ದ ಕೂದಲೆಳೆಯಂಥ ಹುಳುಗಳು ಬೆಳಕು ಬಿದ್ದ ಕೂಡಲೇ ತಿರುಚಿಕೊಂಡು ತಳಕ್ಕೆ ಇಳಿದವು. ಡೆಂಗಿ ಸೊಳ್ಳೆ ಕೊಳಚೆಯನ್ನೇ ಹುಡುಕುವುದಿಲ್ಲ, ನಾವು ಹಿಡಿದಿಟ್ಟ ಒಳ್ಳೆ ನೀರೇ ಅದಕ್ಕೂ ಬೇಕು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರ, ಹತ್ತು ದಿನ ಸಾಕು. "ಚೆಲ್ಲಿಬಿಡಿ ಅಕ್ಕ" ಅಂದರು ಆಶಾ. ಮನೆಯಾಕೆ ಸುಮ್ಮನಿರುತ್ತಾರಾ? "ಮೂರು ದಿನಕ್ಕೊಂದ್ಸಲ ನೀರು ಬಿಡ್ತಾರೆ, ಚೆಲ್ಲಿಬಿಟ್ರೆ ನೀನು ತಂದ್ಕೊಡ್ತೀಯಾ?" ಅಂದರು. ಆಶಾ ವಾದಕ್ಕೆ ಇಳಿಯಲಿಲ್ಲ. ಹಳೇ ಪಂಚೆ ಕೇಳಿ ಪಡೆದು, ನೀರನ್ನು ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿದರು. ಖಾಲಿ ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ನಾರು ಹಿಡಿದು ತಾವೇ ಉಜ್ಜಿದರು. ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಬರೀ ಚೆಲ್ಲಿದರೆ ಸಾಲದು. ಆಮೇಲೆ ನೀರು ವಾಪಸ್ ತುಂಬಿ, ಅದೇ ಪಂಚೆಯನ್ನು ಬಾಯಿಗೆ ಕಟ್ಟಿದರು. ಎಲ್ಲಾ ಆದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದರು. ನೋಡಿದ ನೂರು ಮನೆಯಲ್ಲಿ ಎಷ್ಟರಲ್ಲಿ ಹುಳು ಸಿಕ್ಕಿತು ಅನ್ನೋ ಲೆಕ್ಕ ಅದು. ಮೊದಲು ಯಾವ ಬೀದಿಗೆ ಜನ ಕಳಿಸಬೇಕು ಅಂತ ತಿಳಿಯೋದು ಅದರಿಂದ.

ನಿಮ್ಮ ಮನೆಗೆ ಬಂದವರು ಇಷ್ಟು ಮಾಡಿದರೋ, ಬರೀ ಗೆರೆ ಎಳೆದು ಹೋದರೋ ನೀವು ಬರೆದಿಲ್ಲ. ಬರೀ ಗೆರೆ ಎಳೆಯೋರೂ ಇದ್ದಾರೆ. ಆದರೆ ಒಬ್ಬೊಬ್ಬ ಆಶಾ ಸುಮಾರು ಸಾವಿರ ಜನರನ್ನು ನೋಡಿಕೊಳ್ಳಬೇಕು ಅನ್ನೋದು ನೆನಪಿರಲಿ. ಲಸಿಕೆ, ಬಸುರಿ ಬಾಣಂತಿಯರ ತಾಯಿ ಕಾರ್ಡು, ಆರು ತಿಂಗಳು ಬಿಡದೆ ನುಂಗಬೇಕಾದ ಕ್ಷಯದ ಮಾತ್ರೆ, ಬಿಪಿ ಶುಗರ್ ಪಟ್ಟಿ, ಎಲ್ಲವೂ ಅವರ ತಲೆ ಮೇಲೇ. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುತ್ತದೆ ಅನ್ನೋ ಭರವಸೆ ಪಡೆಯೋಕೆ 2025ರ ಜನವರಿ ಚಳಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು.

ಲೆಕ್ಕ ಬರೆಯೋ ಈ ಪದ್ಧತಿ ಮಂಡ್ಯಕ್ಕೆ ಹೊಸದೂ ಅಲ್ಲ. ಕನ್ನಂಬಾಡಿ ಕಟ್ಟಿ, ಆಗಿನ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದಾಗ ಭತ್ತ ಕಬ್ಬಿನ ಜೊತೆಗೆ ಮಲೇರಿಯಾವೂ ಬಂತು. 1930ರ ಆಸುಪಾಸಿನಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮಂಡ್ಯದಲ್ಲಿ ಹೆಲ್ತ್ ಯೂನಿಟ್ ನಡೆಸುತ್ತಿತ್ತು. ಆಗಿನ್ನೂ ಮಂಡ್ಯ ಜಿಲ್ಲೆಯೇ ಆಗಿರಲಿಲ್ಲ, ಅದು ಆಗಿದ್ದು 1939ರಲ್ಲಿ. ಆ ಕಾಲದಲ್ಲಿ ಊರಿಗೆ ಮಲೇರಿಯಾ ಎಷ್ಟು ಹತ್ತಿದೆ ಅಂತ ತಿಳಿಯೋಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಕೈಯಿಟ್ಟು ಒತ್ತಿ ನೋಡುತ್ತಿದ್ದರು. ಜ್ವರ ಮರುಕಳಿಸಿದ ಮಗುವಿಗೆ ಅಲ್ಲಿರೋ ಗುಲ್ಮ ಅನ್ನೋ ಅಂಗ (ಸ್ಪ್ಲೀನ್) ಊದಿ ಕೈಗೆ ಸಿಗುತ್ತದೆ. ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಸಿಕ್ಕಿತು ಅಂತ ಬರೆದುಕೊಳ್ಳುತ್ತಿದ್ದರು. ನಿಮ್ಮಜ್ಜನೂ "ಹೊಟ್ಟೆ ಮುಟ್ಟಿ ಹೋದರು, ಔಷಧಿ ಎಲ್ಲಿ?" ಅಂತ ಬೈದಿರಬಹುದು!

ಪಲ್ಸ್ ಪೋಲಿಯೊ ಮುಗಿದ ಮಾರನೇ ದಿನ ಗೋಡೆ ಮೇಲೆ ಸೀಮೆಸುಣ್ಣದ ಗುರುತು ಕಂಡಿರುತ್ತೀರಿ. 'ಪಿ' ಅಂದರೆ ಆ ಮನೆಯ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಬಿದ್ದಿದೆ. 'ಎಕ್ಸ್' ಅಂದರೆ ಮತ್ತೆ ಬರಬೇಕು. ಭಾರತಕ್ಕೆ 2014ರಲ್ಲಿ ಪೋಲಿಯೊಮುಕ್ತ ಅನ್ನೋ ಪ್ರಮಾಣಪತ್ರ ಸಿಕ್ಕಿತಲ್ಲ, ಅದರ ಹಿಂದೆ ಈ 'ಎಕ್ಸ್' ಮನೆಗಳಿಗೆ ಮತ್ತೆ ಮತ್ತೆ ಹೋದ ಕಾಲುಗಳಿವೆ.

ಬರೆದರೆ ಸಾಕಾ? ಸಾಲದು. ನಿಮ್ಮ ಪರವಾಗಿ ನಾನೇ ಒಂದು ಉದಾಹರಣೆ ಕೊಡುತ್ತೇನೆ. 2023ರ ಕೊನೆಯಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲದ ಪಾಕ ಕಾಯಿಸೋ ಜಾಗದಲ್ಲಿ! ಭ್ರೂಣಲಿಂಗ ಪತ್ತೆ ತಡೆ ಕಾನೂನು ಬಂದದ್ದು 1994ರಲ್ಲಿ. ಜಾಲ ಹಿಡಿದದ್ದು ಬೆಂಗಳೂರಿನ ಪೊಲೀಸರು, ಆರೋಗ್ಯ ಇಲಾಖೆಯಲ್ಲ. ಮೂರನೇ ತಿಂಗಳಲ್ಲಿ ತಾಯಿ ಕಾರ್ಡು ಮಾಡಿಸಿದ ಹೆಂಗಸು ಐದನೇ ತಿಂಗಳಿಗೆ ಪಟ್ಟಿಯಲ್ಲೇ ಇಲ್ಲ ಅಂದರೆ ಏನಾಯಿತು ಅಂತ ಯಾರಾದರೂ ಕೇಳಬೇಕಲ್ವಾ? ಪುಸ್ತಕದಲ್ಲಿ ಬರೆದದ್ದನ್ನು ಮೇಲಿನವರು ಓದದಿದ್ದರೆ ಅದು ಬರೀ ಕಾಗದ. 2024ರ ಮೇನಲ್ಲಿ ಮೈಸೂರು ಪಕ್ಕದ ಕೆ. ಸಾಲುಂಡಿಯಲ್ಲಿ ಕುಡಿಯೋ ನೀರು ಕೆಟ್ಟು ಊರಿಗೂರೇ ವಾಂತಿ ಭೇದಿಗೆ ಬಿದ್ದು, ಒಂದು ಜೀವವೂ ಹೋಯಿತು. ಇಂಥದ್ದು ಆಗಬಾರದು ಅಂತಲೇ ನೀರಿನ ಪರೀಕ್ಷೆ ಇರುವುದು. ಪರೀಕ್ಷೆಯ ರಾಸಾಯನಿಕ ಹಾಕಿಟ್ಟ ಪುಟ್ಟ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಹೊಲಸು ಸೇರಿದ ನೀರು ಕಪ್ಪಾಗುತ್ತದೆ. ಪರೀಕ್ಷೆಗೆ ದೊಡ್ಡ ಲ್ಯಾಬೇನೂ ಬೇಡ. ಕಪ್ಪಾದ ಬಾಟಲಿಯನ್ನು ನೋಡಿ ಪೈಪ್ ಅಗೆಸೋ ಪಂಚಾಯ್ತಿ ಬೇಕು.

ಹಾಗಾಗಿ ನಿಮ್ಮ ಸಿಟ್ಟನ್ನು ಡ್ರಮ್ಮಿನ ಹತ್ತಿರ ನಿಂತ ಆಶಾ ಮೇಲೆ ಖರ್ಚು ಮಾಡಬೇಡಿ. ನಿಮ್ಮೂರಲ್ಲೊಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ಪಂಚಾಯ್ತಿ ಸದಸ್ಯರೂ ಆಶಾನೂ ಅದರಲ್ಲಿ ಇರುತ್ತಾರೆ. ವರ್ಷಕ್ಕೆ 10,000 ರೂಪಾಯಿವರೆಗೆ ಅನುದಾನವೂ ಇದೆ. ಅದು ಕೊನೆಗೆ ಯಾವತ್ತು ಸಭೆ ಸೇರಿತ್ತು ಅಂತ ಕೇಳಿ. ಪಿಎಚ್‌ಸಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇದೆ, ಅಲ್ಲಿ ಎರಡೇ ಪ್ರಶ್ನೆ ಹಾಕಿ: ಹಾವಿನ ಔಷಧಿ ಎಷ್ಟು ಬಾಟಲಿ ಇದೆ, ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದು. ಉತ್ತರವನ್ನು ಗೇಟಿನ ಮೇಲೆ ಬಣ್ಣದಲ್ಲಿ ಬರೆಸಿ. ಅಲ್ಲಿ ಜಗ್ಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ದೂರು ಕೊಡಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿ. ನಾಲ್ಕು ಪುಟ ಬರೆಯೋ ಕೈಗೆ ಒಂದು ಪುಟದ ಅರ್ಜಿ ಯಾವ ಲೆಕ್ಕ?

ಇನ್ನೊಂದು ಮಾತು. ಕಾಲಿಗೆ ಟವೆಲ್ ಬಿಗಿದು ಕಟ್ಟಿದ್ದೆವು ಅಂತ ಬರೆದಿದ್ದೀರಿ. ಇನ್ಮೇಲೆ ಕಟ್ಟಬೇಡಿ, ಕೊಯ್ಯಲೂ ಬೇಡಿ. ಕಾಲು ಅಲ್ಲಾಡದ ಹಾಗೆ ಒಂದು ದಬ್ಬೆ ಇಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಕರೆದೊಯ್ಯಿರಿ. ತಮ್ಮನಿಗೆ ಒಂದು ಜೊತೆ ಗಂಬೂಟು, ಒಂದು ಒಳ್ಳೆ ಟಾರ್ಚು ಕೊಡಿಸಿ. ಮಂಡ್ಯ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇನ್ನೂ ಇದ್ದರೆ ಹಿಡಿದುಕೊಂಡು ನಿಮ್ಮ ಪಿಎಚ್‌ಸಿಗೆ ಹೋಗಿ. ಈ ವರ್ಷದ ಹಾವು ಕಡಿತದ ಪಟ್ಟಿಯಲ್ಲಿ ನಿಮ್ಮೂರಿನ ಆ ಕೇಸು ಇದೆಯಾ ಅಂತ ವಿಚಾರಿಸಿ. ಇಲ್ಲ ಅಂದರೆ ನನಗೆ ಮತ್ತೊಂದು ಪತ್ರ ಬರೆಯಿರಿ, ಅದನ್ನು ಪೂರ್ತಿ ಅಚ್ಚು ಹಾಕುತ್ತೇನೆ.

— ಸಂಪಾದಕ