ಮಾಲ್ಟಾ: ಮೊದಲು ನೆಲದಡಿಯ ಟಿಕೆಟ್ ನೋಡಿ

ಮಾಲ್ಟಾದಲ್ಲಿ ಐದು ದಿನ, ಜೊತೆಗೆ ಕಡಲೆಂದರೆ ಬೇಸರಪಡುವ ಅಪ್ಪ. ಏನು ತೋರಿಸಲಿ ಎಂದು ಕೇಳಿದ್ದೀರಿ. ವಿಮಾನ ಕಾಯ್ದಿರಿಸುವ ಮೊದಲೇ ಹಾಲ್ ಸಫ್ಲಿಯೆನಿ ಹೈಪೊಜಿಯಂಗೆ ಟಿಕೆಟ್ ಸಿಗುತ್ತದೆಯೇ ನೋಡಿ. ಬಂಡೆ ಕೊರೆದು ಮಾಡಿದ ಆ ಪುರಾತನ ಸಮಾಧಿಗೆ ದಿನಕ್ಕೆ ಸುಮಾರು 80 ಮಂದಿಗಷ್ಟೇ ಪ್ರವೇಶ. ಜನರ ಉಸಿರಿಗೇ ಛಾವಣಿಯ ಕೆಂಪು ಸುರುಳಿಚಿತ್ರಗಳು ಕೆಡುತ್ತವೆ ಎಂಬ ಭಯ ನೋಡಿಕೊಳ್ಳುವವರಿಗೆ.

ರಾಜಧಾನಿ ವ್ಯಾಲೆಟ್ಟಾದ ಸೇಂಟ್ ಜಾನ್ ಕೆಥೆಡ್ರಲ್ ತಪ್ಪಿಸಬೇಡಿ. ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತ ಯೋಹಾನನ ಶಿರಚ್ಛೇದದ ಚಿತ್ರ ಅಲ್ಲಿದೆ. ನೆಲಕ್ಕೆ ಹರಿದ ರಕ್ತದಲ್ಲೇ ಸಹಿ ಹಾಕಿದ್ದಾನೆ, ಪುಣ್ಯಾತ್ಮ! ಅವನು ಸಹಿ ಹಾಕಿದ ಚಿತ್ರ ಅದೊಂದೇ. ಅಪ್ಪನಿಗೆ ಮಂಡಿನೋವಿದ್ದರೆ ಮಾತ್ರ ಆ ಊರಿನ ಮೆಟ್ಟಿಲುಬೀದಿಗಳ ಬಗ್ಗೆ ಎಚ್ಚರ.

ದೋಣಿಯಲ್ಲಿ ಪಕ್ಕದ ಗೋಜೊ ದ್ವೀಪಕ್ಕೂ ಹೋಗಿ ಬನ್ನಿ. ಅಲ್ಲಿನ ಜ್ಗಾಂತಿಯಾ ದೇಗುಲ ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯದು. ಹಸಿವಾದರೆ ಬಟಾಣಿ ತುಂಬಿದ ಪಾಸ್ಟಿತ್ಸಿ ಎಂಬ ಪಫ್ ಕೇಳಿ. ಪದರ ಪದರವಾಗಿ ಅಂಗಿಯ ಮೇಲೆಲ್ಲ ಉದುರುತ್ತದೆ, ಇರಲಿ.